ಬೆಳ್ಳಿ ಬದುವಿನ ಗದ್ದೆ

ನಮ್ಮ ಅಜ್ಜಿಯ ಓಲೆಯ ಬೆನ್ನಿನ ಮೇಲೆ ಒಂದು ಗಿಳಿ ಕೂತಿತ್ತು. ಮುಂದುಗಡೆ ಬಿಳಿ ಹರಳು, ಹಿಂದುಗಡೆ ಹಸಿರು ಗಿಳಿ. ಹರಳನ್ನು ಊರೆಲ್ಲ ನೋಡುತ್ತಿತ್ತು, ಗಿಳಿಯನ್ನು ಕಾಣುವ ಭಾಗ್ಯ ಅಜ್ಜಿಯ ಕುತ್ತಿಗೆಗೆ ಮಾತ್ರ. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಅಜ್ಜ ಮುಂಬಯಿಗೆ ಹೋದಾಗ ತಂದ ಓಲೆ ಅದು. ಹತ್ತಿಯಲ್ಲಿ ಲಾಭ ಬಂದ ಖುಷಿಗೆ ತಂದದ್ದು ಎಂದು ಒಂದು ಪಾಠ, ನಷ್ಟದ ಸುದ್ದಿ ಹೇಳುವ ಮೊದಲು ಅಜ್ಜಿಯ ಬಾಯಿ ಕಟ್ಟಲು ತಂದದ್ದು ಎಂದು ಇನ್ನೊಂದು ಪಾಠ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬರುವ ಹೊತ್ತಿಗೆ ಎಡಗಿವಿಯ ಗಿಳಿಯ ಒಂದು ರೆಕ್ಕೆ ಉದುರಿ, ಆ ಜಾಗದಲ್ಲಿ ಚಿನ್ನದ ಪುಟ್ಟ ಗುಂಡಿಯೊಂದು ಬಾಯಿ ಬಿಟ್ಟುಕೊಂಡಿತ್ತು.

32 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. (ಇತ್ತು. ಮಾಡಲು ಮನಸ್ಸಿರಲಿಲ್ಲ.) ಓಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹಳೇ ಪೇಟೆಯ ಓಣಿಯಲ್ಲಿರುವ ಪತ್ತಾರ ಅಜ್ಜನ ಹತ್ತಿರ ಹೋದೆ. ಅಜ್ಜ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಗಿಳಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಬಹಳ ದಿನದ ಮೇಲೆ ಸಿಕ್ಕ ನೆಂಟನನ್ನು ಮಾತಾಡಿಸುವಂತೆ ನಕ್ಕ.

“ಇದು ಮೀನಾ ಕೆಲಸ ಟೀಚರಮ್ಮ. ನಮ್ಮ ಓಣಿಯಾಗೆ ಇದನ್ನ ಮಾಡೋರು ಯಾರೂ ಇಲ್ಲ. ಜೈಪುರಕ್ಕೆ ಕಳಿಸ್ಬೇಕು.”

“ನೀವೇ ಸ್ವಲ್ಪ ಬಣ್ಣ ತುಂಬಿ ಕೊಡ್ರಿ ಅಜ್ಜ.”

“ತುಂಬಬಹುದು. ಈಗೆಲ್ಲ ಡಬ್ಬಿಯಾಗೆ ಬರೋ ತಣ್ಣನೆ ಬಣ್ಣ ಹಚ್ತಾರೆ, ಅಂಟಿದ್ದಂಗೆ ಇರ್ತೈತಿ. ಆದ್ರೆ ಇದು ಬಣ್ಣ ಅಲ್ಲವ್ವ, ಬೆಂಕ್ಯಾಗೆ ಬೆಂದ ಗಾಜು. ಬೆಂದದ್ದರ ಪಕ್ಕ ಬೇಯದ್ದನ್ನ ಕೂರಿಸಿದ್ರೆ ಗಿಳಿ ಮಾತಾಡಲ್ಲ.”

ಆ ಕ್ಷಣದಲ್ಲೇ ನಾನು ಕೆಟ್ಟೆ. ಮನೆಗೆ ಬಂದವಳೇ ಅತ್ತೆಯವರಿಗೆ, “ಮೀನಾಕಾರಿ ಕಲೀಬೇಕು ಅಂದ್ಕೊಂಡೀನಿ ಅತ್ತಿ” ಎಂದೆ. ಪೂಜೆಯಲ್ಲಿದ್ದ ಅತ್ತೆ ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. “ಈ ಮನೆಯಾಗೆ ಮೊಟ್ಟೆ ಹೆಸರೂ ಎತ್ತಿಲ್ಲ. 60 ವರ್ಷ ದಾಟಿದ ಮ್ಯಾಲೆ ಮೀನು ಕರಿ ಮಾಡೋದು ಕಲೀತೀಯಾ?” ಅವರಿಗೆ ಕಿವಿ ಸ್ವಲ್ಪ ಮಂದ. ನನ್ನ ವಿವರಣೆ ಅದಕ್ಕಿಂತ ಮಂದವಿತ್ತೆಂದು ಕಾಣುತ್ತದೆ. ವಾರದವರೆಗೆ ಅಡುಗೆಮನೆಯ ಮೇಲೆ ಕಣ್ಣಿಟ್ಟಿದ್ದರು.

ಎನಾಮಲ್ ಎನ್ನುವ ಮಾತಿಗೆ ನಮ್ಮ ಮನೆಯಲ್ಲಿ ಅದುವರೆಗೆ ಮೂರು ಅರ್ಥಗಳಿದ್ದವು. ಒಂದು, ದೀಪಾವಳಿಗೆ ಮುಂಚೆ ಕಿಟಕಿ ಸರಳಿಗೆ ಹೊಡೆಯುವ ಬಣ್ಣ. ಎರಡು, ಹಲ್ಲಿನ ಮೇಲಿನ ಹೊಳಪು. ಅದನ್ನು ವಿಜ್ಞಾನದ ಪಾಠದಲ್ಲಿ ದಂತಕವಚ ಎಂದು ಬರೆಸುತ್ತಾರೆ, ಯುದ್ಧಕ್ಕೆ ಹೊರಟ ಹಲ್ಲಿನ ಹಾಗೆ ಕೇಳಿಸುತ್ತದೆ. ಮೂರು, ನೀಲಿ ಅಂಚಿನ ಬಿಳಿ ಬಸಿ, ಅಂಚು ಒಡೆದಲ್ಲಿ ಕರಿ ಕಬ್ಬಿಣ ಹಣಿಕಿ ನೋಡುವಂಥದ್ದು. ಈ ಮೂರರಲ್ಲಿ ಗಿಳಿಯ ನಿಜವಾದ ರಕ್ತಸಂಬಂಧಿ ಬಸಿ. ಅಲ್ಲಿ ಕಬ್ಬಿಣದ ಮೇಲೆ ಗಾಜು ಕರಗಿ ಕೂತಿದೆ, ಇಲ್ಲಿ ಚಿನ್ನದ ಮೇಲೆ. ದೊಡ್ಡ ಮನೆತನದ ಕುಡಿಯೊಂದು ಅಡುಗೆಮನೆಗೆ ಬಂದು ಬಡವಾದ ಕತೆ.

ಗಿಳಿ ಮಾಡಿದ್ದು ಜೈಪುರದ ರೀತಿ. ಚಿನ್ನದಲ್ಲಿ ಗುಂಡಿ ಕೊರೆದು, ಗುಂಡಿಯಲ್ಲಿ ಗಾಜಿನ ಪುಡಿ ತುಂಬಿ ಸುಡುವುದು. ರಾಜಾ ಮಾನಸಿಂಗ್ ಲಾಹೋರಿನಿಂದ ಮೀನಾಕಾರರನ್ನು ಕರೆತಂದು ನೆಲೆಗೊಳಿಸಿದ ಎನ್ನುತ್ತಾರೆ. ಗುಂಡಿ ಕೊರೆಯುವ ಉಳಿಯನ್ನು ನನ್ನ ಕೈಗೆ ಕೊಟ್ಟರೆ ಮೊದಲು ತೂತಾಗುವುದು ನನ್ನ ಹೆಬ್ಬೆರಳು. ಬೆಂಗಳೂರಿನ ಮಗಳು ಇನ್ನೊಂದು ದಾರಿ ಹೇಳಿದಳು. ಕೊರೆಯುವುದು ಬೇಡ, ಮೇಲೆ ತೆಳ್ಳನೆಯ ಬೆಳ್ಳಿ ತಂತಿಯ ಗೋಡೆ ಕಟ್ಟಿ, ಗೋಡೆಗಳ ನಡುವೆ ಬಣ್ಣ ತುಂಬುವುದು. ಫ್ರೆಂಚರು ಇದನ್ನು ಕ್ಲುವಾಸೊನೆ ಎನ್ನುತ್ತಾರಂತೆ, ಅಡ್ಡಗೋಡೆ ಹಾಕಿದ್ದು ಎಂಬರ್ಥ. “ಸಿಮೆಂಟ್ ಕಂಪನಿ ಹೆಸರಿದ್ದಂಗೈತಿ” ಎಂದರು ನಮ್ಮ ಯಜಮಾನರು. ಮಗಳ ಮನೆಯಲ್ಲಿ ಹತ್ತು ದಿನ ಇದ್ದು, ಅವಳ ಗೆಳತಿಯ ಹತ್ತಿರ ಕಲಿತೆ. ಗುರುವಿಗೆ 27 ವರ್ಷ, ಶಿಷ್ಯೆಗೆ 61. ಆ ಹುಡುಗಿ ಫ್ರೆಂಚ್ ಶಬ್ದಗಳಲ್ಲಿ ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ. ಮೂರನೇ ದಿನ ಕುಂಚದ ತುದಿಯಲ್ಲಿ ಒದ್ದೆ ಪುಡಿ ಎತ್ತಿ ತಂತಿಗಳ ನಡುವೆ ಇಡುವಾಗ ಥಟ್ಟನೆ ಹೊಳೆಯಿತು. ಅಯ್ಯೋ, ಇದು ನಮ್ಮ ಗದ್ದೆ!

ನನ್ನ ತವರು ಮಲೇಬೆನ್ನೂರು ಕಡೆ. ಭದ್ರಾ ನಾಲೆಯ ನೀರಿನಲ್ಲಿ ಕಾಲಾಡಿಸಿ ಬೆಳೆದವಳು ನಾನು. ಬೆಳ್ಳಿ ತಂತಿ ಎಂದರೆ ಬದು. ಬದುಗಳ ನಡುವಿನ ಜಾಗ ಮಡಿ. ಪುಡಿಯನ್ನು ನೀರಿನಲ್ಲಿ ಕಲಸಿಯೇ ಹಾಕಬೇಕು, ಅದು ಕೆಸರು. ಕೆಸರನ್ನು ಮಟ್ಟ ಮಾಡಬೇಕು, ಮೂಲೆಮೂಲೆಗೂ ತಳ್ಳಬೇಕು, ಆಮೇಲೆ ಅಂಚಿಗೆ ಬಟ್ಟೆಯ ತುದಿ ತಾಗಿಸಿ ನೀರು ಬಸಿಯಬೇಕು. ಒಂದು ಮಡಿಯ ಕೆಂಪು ಬದು ಹಾರಿ ಪಕ್ಕದ ಮಡಿಗೆ ಹೋದರೆ ಅಣ್ಣತಮ್ಮಂದಿರ ಜಗಳ. ನೀರು ಒಣಗುವುದರೊಳಗೆ ಎಲ್ಲ ಮಡಿಗೂ ಸುತ್ತು ಹಾಕಬೇಕು. ನನ್ನ ಪ್ರತಿ ಪದಕದಲ್ಲೂ ಮೊದಲ ಮಡಿಗಳು ಸೊಂಪಾಗಿ ತುಂಬಿ, ಕೊನೆಯ ಮಡಿಗೆ ಬರುವಷ್ಟರಲ್ಲಿ ಕೆಸರೂ ನೀರೂ ಕೈಯ ಉತ್ಸಾಹವೂ ಖಾಲಿ. ಅಚ್ಚುಕಟ್ಟಿನ ಕೊನೆ ಭಾಗದ ರೈತರು ವರ್ಷವರ್ಷವೂ ರಸ್ತೆಗಿಳಿದು ಕೇಳುವ ನ್ಯಾಯ ಇದೇ ತಾನೆ? ಈಗ ನಾನು ಕೊನೆಯ ಮಡಿಯಿಂದಲೇ ಶುರು ಮಾಡುತ್ತೇನೆ. ನೀರಾವರಿ ಇಲಾಖೆಯವರು ಬೇಕಾದರೆ ಬಂದು ನೋಡಲಿ.

ಕಲಿಕೆಯಾಯಿತು, ಕುಲುಮೆ ಬೇಕಲ್ಲ. ಹೊಸದರ ಬೆಲೆ ಕೇಳಿ ಯಜಮಾನರು ಒಂದು ಚೊಂಬು ನೀರು ಕುಡಿದರು. ಆಗ ಊರು ಕೈ ಹಿಡಿಯಿತು. ದಾವಣಗೆರೆ ಎಂದೊಡನೆ ಬೆಣ್ಣೆದೋಸೆ ಎನ್ನುವವರಿಗೆ ಇದು ಹಲ್ಲಿನ ಊರೂ ಹೌದು ಎಂಬುದು ಗೊತ್ತಿಲ್ಲ. ಎರಡು ದಂತವೈದ್ಯ ಕಾಲೇಜುಗಳಿವೆ. ದೋಸೆ ತಿಂದವರ ಹಲ್ಲಿನ ಯೋಗಕ್ಷೇಮ ಊರಲ್ಲೇ ನಡೆಯುತ್ತದೆ. ಹಲ್ಲಿನ ಡಾಕ್ಟರಿದ್ದಲ್ಲಿ ಹಲ್ಲು ಮಾಡಿಕೊಡುವ ಲ್ಯಾಬು, ಲ್ಯಾಬಿದ್ದಲ್ಲಿ ಪುಟ್ಟ ಕುಲುಮೆ. ಲೋಹದ ಟೋಪಿಯ ಮೇಲೆ ಪಿಂಗಾಣಿ ಕರಗಿಸಿ ಹಲ್ಲು ಮಾಡುವವರಿಗೂ ತಾಮ್ರದ ಬಿಲ್ಲೆಯ ಮೇಲೆ ಗಾಜು ಕರಗಿಸಿ ಪದಕ ಮಾಡುವವರಿಗೂ ದಾಯಾದಿ ಸಂಬಂಧ. ಬಾಗಿಲು ಹಾಕುತ್ತಿದ್ದ ಒಂದು ಲ್ಯಾಬಿನಿಂದ, ಮೇಣ ಸುಟ್ಟು ಅಚ್ಚು ಕಾಯಿಸುತ್ತಿದ್ದ ಹಳೆಯ ಕರೆಂಟಿನ ಕುಲುಮೆ ನಮ್ಮ ಮನೆಗೆ ಆಟೋದಲ್ಲಿ ಬಂತು. ಅತ್ತೆ ಆರತಿ ಎತ್ತಲಿಲ್ಲ. “ಎಷ್ಟು ಮಂದಿ ಹಲ್ಲು ಸುಟ್ಟೈತೋ ಏನೋ, ಒಳಗೆ ತರಬ್ಯಾಡ್ರಿ” ಎಂದರು. ಅದಕ್ಕೆ ಹಿತ್ತಲ ಬಚ್ಚಲಿನ ಪಕ್ಕ ತಗಡಿನ ಮಾಡು ಸಿಕ್ಕಿತು. ಅದನ್ನು ಹಾಕಿದರೆ ಮನೆಯ ಮಿಕ್ಸಿ ತೂಕಡಿಸುತ್ತದೆ. ನನ್ನ ಕಲೆಯ ಮೊದಲ ವಿಮರ್ಶಕ ಕರೆಂಟ್ ಬಿಲ್ಲು.

ಯಜಮಾನರ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಅವರು ಹರಿಹರದವರು, ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂದ ಮೇಲೆ ತುಂಗಭದ್ರೆಯ ದಂಡೆಯ ಆ ದೇವಸ್ಥಾನದ ಊರು ಲೇತುಗಳ ಊರಾಯಿತು, ಪಕ್ಕದಲ್ಲಿ ಯಂತ್ರಾಪುರ ಎಂಬ ಬಡಾವಣೆಯೇ ಎದ್ದಿತು. ಅಲ್ಲಿ ಬೆಳೆದ ಗಂಡಸರಿಗೆ ಒಂದು ಲಕ್ಷಣವಿದೆ, ಯಾವುದನ್ನೂ ಕಣ್ಣಳತೆಯಲ್ಲಿ ನಂಬುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಲಟ್ಟಿಸಿದ ಚಪಾತಿಯ ವ್ಯಾಸ ಅಳೆದವರು ಇವರು. ನನ್ನ ಹೊಸ ಹುಚ್ಚಿಗೆ ಬೈಯುತ್ತಾರೆಂದುಕೊಂಡಿದ್ದೆ. ತಂತಿಯ ದಪ್ಪ ಕಾಲು ಮಿಲಿಮೀಟರು, ಎತ್ತರ ಒಂದು ಮಿಲಿಮೀಟರು ಎಂದದ್ದೇ ತಡ, ಕಪಾಟಿನಿಂದ ಮೈಕ್ರೋಮೀಟರು ಹೊರಗೆ ಬಂತು. ಪತ್ತಾರ ಅಜ್ಜ ಕಮ್ಮಚ್ಚಿನಲ್ಲಿ ಬೆಳ್ಳಿ ತಂತಿ ಎಳೆದು ಕೊಟ್ಟ. ಅದನ್ನು ಚಪ್ಪಟೆ ಮಾಡಲು ಇವರು ಎರಡು ಉಕ್ಕಿನ ಉರುಳೆಗಳ ಪುಟ್ಟ ಯಂತ್ರ ಮಾಡಿದರು. ಕಬ್ಬಿನ ಹಾಲಿನ ಗಾಣದ ಮೊಮ್ಮಗುವಿನಂತಿದೆ. ಈಗ ಈ ಮನೆಯಲ್ಲಿ ಆಭರಣ ಮಾಡುವವಳು ನಾನು, ಅದರ ಬಗ್ಗೆ ಭಾಷಣ ಮಾಡುವವರು ಅವರು.

ಮೊದಲ ಪದಕ ಸುಟ್ಟ ದಿನ ಹೀಗಾಯಿತು. ಐದು ರೂಪಾಯಿ ನಾಣ್ಯದಷ್ಟಗಲದ ತಾಮ್ರದ ಬಿಲ್ಲೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ಉಜ್ಜಿ ತೊಳೆದೆ. ತಾಮ್ರದ ಚೊಂಬು ತೊಳೆದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬೆಳ್ಳಿ ತಂತಿಯನ್ನು ಬಗ್ಗಿಸಿ ಮಾವಿನಕಾಯಿ ಆಕಾರ ಮಾಡಿ, ಜಾಲಿ ಗೋಂದಿನಲ್ಲಿ ನೇರವಾಗಿ ತಾಮ್ರದ ಮೇಲೆ ನಿಲ್ಲಿಸಿ, 800 ಡಿಗ್ರಿಯ ಕುಲುಮೆಗೆ ಇಟ್ಟೆ. ಎರಡು ನಿಮಿಷದ ಮೇಲೆ ತೆಗೆದರೆ ಮಾವಿನಕಾಯಿಯೇ ಇಲ್ಲ! ತಾಮ್ರದ ಮೇಲೆ ಬೆಳ್ಳಗೆ ಒಂದು ಕಲೆ, ಗೋಡೆಯ ಮೇಲೆ ಸುಣ್ಣ ಸೋರಿದ ಹಾಗೆ.

ಬೆಳ್ಳಿ ಕರಗಲು 961 ಡಿಗ್ರಿ ಬೇಕು. ತಾಮ್ರಕ್ಕೆ 1,085. ನನ್ನ ಬೆಂಕಿ 800. ಗಣಿತದ ಟೀಚರಿಗೆ ಇದು ದೊಡ್ಡ ಅವಮಾನ, ಯಾವ ಕಡೆಯಿಂದ ಕಳೆದರೂ ಉತ್ತರ ಬರುತ್ತಿಲ್ಲ. ಯಜಮಾನರು ಕಾರ್ಖಾನೆಯ ಕಾಲದ ಪುಸ್ತಕವೊಂದನ್ನು ಧೂಳು ಕೊಡವಿ ತೆಗೆದರು. ಬೆಳ್ಳಿ, ತಾಮ್ರ ಒಂಟಿಯಾಗಿದ್ದಾಗ ಎಷ್ಟೇ ಗಟ್ಟಿಯಾಗಿರಲಿ, ಮೈಗೆ ಮೈ ತಾಗಿದರೆ 779 ಡಿಗ್ರಿಗೇ ಎರಡೂ ಸೇರಿ ನೀರಾಗಿಬಿಡುತ್ತವೆ.

“ನೋಡೇ, ನಾನೂ ಮದುವೆಗೆ ಮುಂಚೆ 961 ಇದ್ದೆ” ಎಂದರು.

“ನಾನು 1,085” ಎಂದೆ.

ಇದಕ್ಕೆ ಪರಿಹಾರ, ನಡುವೆ ಒಂದು ಪದರ ಬಣ್ಣವಿಲ್ಲದ ಗಾಜನ್ನು ಮೊದಲು ಕರಗಿಸಿ ಹಾಸುವುದು. ತಂತಿ ಗಾಜಿನ ಮೇಲೆ ನಿಲ್ಲುತ್ತದೆ, ತಾಮ್ರವನ್ನು ಮುಟ್ಟುವುದಿಲ್ಲ. ಬೆಂಗಳೂರಿನ ಹುಡುಗಿ ಇದನ್ನು ಹೇಳಿದ್ದಳು. 32 ವರ್ಷ ಹೇಳಿಯೇ ಅಭ್ಯಾಸವಾದವಳು, ಕೇಳಿಸಿಕೊಂಡಿರಲಿಲ್ಲ. ಮಕ್ಕಳು ಕಿಟಕಿಯ ಹೊರಗೆ ನೋಡುತ್ತಿದ್ದರೆಂದು ನಾನು ಎಸೆದ ಸೀಮೆಸುಣ್ಣದ ತುಂಡುಗಳೆಲ್ಲ ಆವತ್ತು ವಾಪಸು ಬಂದು ನನಗೇ ತಾಗಿದವು.

ಬಿಲ್ಲೆಯ ಬೆನ್ನಿಗೂ ಗಾಜು ಹಾಕಬೇಕು ಎನ್ನುವುದನ್ನೂ ಹೀಗೇ ಕಲಿತೆ. ಹಾಕದಿದ್ದರೆ ಏನಾಗುತ್ತದೆ? ಬಿಸಿಗೆ ಹಿಗ್ಗಿದ ತಾಮ್ರ ಆರುವಾಗ ಗಾಜಿಗಿಂತ ಹೆಚ್ಚು ಕುಗ್ಗುತ್ತದೆ. ಗಾಜು ಅಷ್ಟು ಕುಗ್ಗಲಾರದು. ಬಿಲ್ಲೆ ಹಪ್ಪಳದಂತೆ ಡೊಂಕಾಗುತ್ತದೆ, ಗಾಜು ಸೀಳುತ್ತದೆ. ಎರಡೂ ಕಡೆ ಗಾಜಿದ್ದರೆ ಎಳೆತ ಸಮ. ಆ ಸೀಳುವ ಸದ್ದು ಇದೆಯಲ್ಲ, ‘ಟಿಣ್’ ಅಂತ, ಬಹಳ ಸಣ್ಣದು. ಕುಲುಮೆಯ ಹತ್ತಿರ ಬರುವುದಿಲ್ಲ. ಎಲ್ಲ ಚೆನ್ನಾಗಿದೆ ಎಂದುಕೊಂಡು, ಪದಕವನ್ನು ಟೇಬಲ್ಲಿನ ಮೇಲಿಟ್ಟು, ದೀಪ ಆರಿಸಿ ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಮಂದಕಿವಿಯ ಅತ್ತೆಗೂ ಅದು ಕೇಳಿಸುತ್ತದೆ! “ಒಡೀತೇನು?” ಎಂದು ಹಾಸಿಗೆಯಿಂದಲೇ ಕೇಳುತ್ತಾರೆ. ದನಿಯಲ್ಲಿ ಸಂತೋಷವಿಲ್ಲ, ಆದರೆ ದುಃಖವೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದರಲ್ಲಿ ಸುಖವೆಲ್ಲಿದೆ ಎಂದು ನೀವು ಕೇಳಬಹುದು. ಸುಖ ಶುರುವಾಗುವುದು ಪುಡಿ ತೊಳೆಯುವಲ್ಲಿ. ಜೈಪುರದಿಂದ ಅಂಚೆಯಲ್ಲಿ ಬರುವ ಗಾಜಿನ ತುಂಡುಗಳನ್ನು ಕಲ್ಲಿನಲ್ಲಿ ಅರೆದು ನೀರು ಹಾಕಿದರೆ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಮೇಲೇಳುತ್ತದೆ. ಬಗ್ಗಿಸಿ ಚೆಲ್ಲಿ, ಮತ್ತೆ ಹಾಕಿ, ಮತ್ತೆ ಬಗ್ಗಿಸಿ, ಏಳೆಂಟು ಸಲವಾದ ಮೇಲೆ ನೀರು ತಿಳಿಯಾಗುತ್ತದೆ. ಆ ನುಣ್ಣನೆ ಬೂದಿ ಉಳಿದರೆ ಗಾಜು ಮಬ್ಬಾಗುತ್ತದೆ. ಕೊನೆಯ ನೀರು ಮಾತ್ರ ಬ್ಯಾಟರಿ ಅಂಗಡಿಯಿಂದ ತಂದ ಶುದ್ಧ ನೀರು. ನಮ್ಮ ಬೋರ್‌ವೆಲ್ಲಿನ ನೀರಿನಲ್ಲಿ ಸುಣ್ಣವೇ ಹೆಚ್ಚು, ನೀರು ನೆಪಕ್ಕೆ. (ಒಂದು ಮಾತು. ಆ ಬೆಳ್ಳನೆ ನೀರನ್ನು ಕಲಗಚ್ಚಿಗೆ ಸುರಿಯಬಾರದು. ಹಳೆಯ ಮೀನಾ ಗಾಜಿನಲ್ಲಿ ಸೀಸವಿರುತ್ತದೆ. ಪಕ್ಕದ ಮನೆಯ ಎಮ್ಮೆಯ ಮೇಲಾಣೆ, ನಾನು ಬೇರೆ ಬಕೆಟ್ಟಿಗೆ ಹಾಕುತ್ತೇನೆ.) ತೊಳೆದ ಪುಡಿಗಳನ್ನು ಚಿಕ್ಕ ಬಟ್ಟಲುಗಳಲ್ಲಿ ಸಾಲಾಗಿ ಇಟ್ಟರೆ ಎಲ್ಲವೂ ಮಂಕು, ಸಂತೆಯಲ್ಲಿ ಉಳಿದ ರಂಗೋಲಿ ಪುಡಿಯಂತೆ. ಕೋಬಾಲ್ಟಿನದು ನೀಲಿಯಾಗುತ್ತದೆ, ತಾಮ್ರದ್ದು ಹಸಿರಾಗುತ್ತದೆ, ಚಿನ್ನ ಸೇರಿದ್ದು ಗುಲಾಬಿಯಾಗುತ್ತದೆ ಎಂದು ನಂಬಿಕೊಂಡು ತುಂಬಬೇಕು. ಕೆಂಪು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಮೀನಾಕಾರರು ಕೆಂಪನ್ನು ಕೊನೆಗೆ ಸುಡುತ್ತಾರೆ, ಅದು ಹೆಚ್ಚು ಬೆಂಕಿ ಸಹಿಸುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಬರಲೆಂದು ನಾನು ಹಾಕಿದ ಕೆಂಪು ಮೂರು ಸಲವೂ ವರ್ಷದ ಹುಣಸೆಹಣ್ಣಿನ ಬಣ್ಣಕ್ಕೆ ಬಂತು.

ಆಮೇಲೆ ಬೆಂಕಿ. ಇದು ಎರಡು ಮೂರು ನಿಮಿಷದ ವ್ಯವಹಾರ. ಬಾಗಿಲ ಸಂದಿಯಲ್ಲಿ ನೋಡುತ್ತಾ ನಿಲ್ಲಬೇಕು. ಮೊದಲು ಪುಡಿ ಕಪ್ಪಾಗುತ್ತದೆ, ಎದೆ ಧಸಕ್ಕೆನ್ನುತ್ತದೆ. ಆಮೇಲೆ ರವೆಯಂತೆ ತರಿತರಿಯಾಗಿ ಹತ್ತಿಕೊಳ್ಳುತ್ತದೆ. ಆಮೇಲೆ ಕಿತ್ತಳೆ ಸಿಪ್ಪೆಯಂತೆ ಏರುತಗ್ಗು. ಆಮೇಲೆ ಒಂದು ಗಳಿಗೆಯಲ್ಲಿ ಇಡೀ ಮೈ ನೀರಾಗಿ, ಮಳೆ ನಿಂತ ಮೇಲಿನ ಗದ್ದೆಯಂತೆ ಹೊಳೆಯುತ್ತದೆ. ಅದೇ ಗಳಿಗೆಯಲ್ಲಿ ಎತ್ತಬೇಕು. ಹತ್ತು ಸೆಕೆಂಡು ಮುಂಚೆ ಎತ್ತಿದರೆ ಸಿಪ್ಪೆ, ಹತ್ತು ಸೆಕೆಂಡು ತಡವಾದರೆ ತಂತಿ ಮುಳುಗಿ ಬಣ್ಣ ಬದಲಾಗುತ್ತದೆ. ಯಜಮಾನರು ಸ್ಟಾಪ್‌ವಾಚು ಹಿಡಿದು ನಿಲ್ಲುತ್ತಿದ್ದರು. “130 ಸೆಕೆಂಡು, ತೆಗಿ!” “ತಡೀರಿ, ಇನ್ನೂ ಕನ್ನಡಿ ಆಗಿಲ್ಲ.” “ಮೊನ್ನೆ 130ಕ್ಕೇ ಆಗಿತ್ತಲ್ಲ?” ಮೊನ್ನೆ ಕರೆಂಟಿನ ವೋಲ್ಟೇಜು ಬೇರೆ, ಬಿಲ್ಲೆಯ ದಪ್ಪ ಬೇರೆ, ಬಾಗಿಲು ತೆರೆದಾಗ ನುಗ್ಗಿದ ಗಾಳಿ ಬೇರೆ. ಒಂದು ದಿನ ಅವರನ್ನು ಬೆಣ್ಣೆದೋಸೆ ಹೋಟೆಲಿಗೆ ಕರೆದುಕೊಂಡು ಹೋಗಿ ಒಲೆಗೆ ಎದುರಾಗಿ ಕೂರಿಸಿದೆ. ಸೌದೆ ಒಲೆ, ಅಗಲ ಕಾವಲಿ, ಒಂದೇ ಸಲಕ್ಕೆ ಸಾಲು ದೋಸೆ. ದೋಸೆ ಹಾಕುವಾತ ನೀರು ಚಿಮುಕಿಸಿ ಸದ್ದು ಕೇಳಿದ, ಒಂದು ಕೊಳ್ಳಿ ಹಿಂದಕ್ಕೆಳೆದ, ಹಿಟ್ಟು ಹರಡಿದ, ಬೆಣ್ಣೆ ಎಸೆದ, ಪಕ್ಕದವನ ಜತೆ ಮಾತಾಡುತ್ತಲೇ ಸರಿಯಾದ ಹೊತ್ತಿಗೆ ಎತ್ತಿದ. “ಅವನ ಹತ್ರ ಸ್ಟಾಪ್‌ವಾಚು ಐತೇನ್ರೀ?” ಎಂದೆ. ಯಜಮಾನರು ಎರಡನೇ ದೋಸೆ ತರಿಸಿಕೊಂಡರು. ಮಾತಾಡಲಿಲ್ಲ. ಆವತ್ತಿನಿಂದ ಗಡಿಯಾರ ಕಪಾಟಿನಲ್ಲಿದೆ.

ಕರಗಿದ ಗಾಜು ಕುಸಿಯುತ್ತದೆ, ಮಡಿಯಲ್ಲಿ ತಗ್ಗಾಗುತ್ತದೆ. ಮತ್ತೆ ತುಂಬು, ಮತ್ತೆ ಸುಡು. ನಾಲ್ಕೈದು ಸಲ. ಬದುಗಳ ಮೇಲೂ ಗಾಜು ಏರಿ ಎಲ್ಲ ಗೊಜ್ಜಿನಂತೆ ಕಂಡ ಮೇಲೆ ನೀರಿನಲ್ಲಿ ಹಿಡಿದು ಸಾಣೆಕಲ್ಲಿನಿಂದ ಉಜ್ಜುವುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಉಜ್ಜುವಿಕೆ. ಏನೂ ಕಾಣದ ಮಬ್ಬಿನೊಳಗಿಂದ ಮೊದಲು ಒಂದು ಬೆಳ್ಳಿ ಚುಕ್ಕಿ, ಆಮೇಲೆ ಅರ್ಧ ಗೆರೆ, ಆಮೇಲೆ ಇಡೀ ಎಲೆ ಎದ್ದು ಬರುತ್ತದೆ. ಪ್ರವಾಹ ಇಳಿದ ಮೇಲೆ ಬದು ಕಾಣಿಸುವ ಹಾಗೆ. ಮಧ್ಯಾಹ್ನದ ಮೂರು ತಾಸು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಅಷ್ಟು ಹೊತ್ತೂ ನಾನು ಯಾರ ಮೇಲೂ ಕೋಪ ಮಾಡಿಕೊಂಡಿರುವುದಿಲ್ಲ, ಇದನ್ನು ಅತ್ತೆಯೂ ಒಪ್ಪುತ್ತಾರೆ.

ಬೆಳ್ಳಿ ತಂತಿಯೊಂದಿಗೆ ನಮ್ಮ ನಾಡಿಗೆ ನೆಂಟಸ್ತಿಕೆ ಹಳೆಯದು. ಬೀದರಿನವರು ಕರಿ ಲೋಹದಲ್ಲಿ ಗೆರೆ ಕೊರೆದು ಬೆಳ್ಳಿಯನ್ನು ಒಳಗೆ ಕೂರಿಸುತ್ತಾರೆ. ಅಲ್ಲಿ ತಂತಿ ಮಲಗುತ್ತದೆ, ಇಲ್ಲಿ ನಿಲ್ಲುತ್ತದೆ. ನಿಲ್ಲಿಸುವುದೇ ಕಷ್ಟ. ಒಂದು ಮಧ್ಯಾಹ್ನ ನೇರವಾದ ತುಂಡೊಂದನ್ನು ಎಷ್ಟು ಸಲ ನಿಲ್ಲಿಸಿದರೂ ಬೀಳುತ್ತಿತ್ತು. ಪತ್ತಾರ ಅಜ್ಜನ ಹತ್ತಿರ ಹೋದರೆ ಚಿಮಟದಲ್ಲಿ ಅದನ್ನು ಒಂಚೂರು ಬಗ್ಗಿಸಿ ಇಟ್ಟ. ನಿಂತಿತು. “ನೆಟ್ಟಗಿದ್ರೆ ಬೀಳ್ತೈತಿ, ಸೊಟ್ಟ ಇದ್ರೆ ನಿಲ್ತೈತಿ” ಎಂದ. ಆಮೇಲೆ, “ಎಲೆಕ್ಷನ್ನಿಗೆ” ಎಂದು ಸೇರಿಸಿದ.

ಜಪಾನಿನಲ್ಲಿ ಈ ಕೆಲಸಕ್ಕೆ ಹೆಸರಾದ ಇಬ್ಬರಿದ್ದರು, ಇಬ್ಬರೂ ನಮಿಕಾವಾ, ಸಂಬಂಧಿಕರಲ್ಲ. ಕ್ಯೋಟೋದ ಯಾಸುಯುಕಿ ಕೂದಲೆಳೆಯಂಥ ತಂತಿ ಇಟ್ಟು ಮೆರೆದ. ಟೋಕಿಯೋದ ಸೋಸುಕೆ ತಂತಿ ಇಟ್ಟು, ಬಣ್ಣ ತುಂಬಿ, ಸುಡುವ ಮುಂಚೆ ತಂತಿ ಕಿತ್ತು ಮೆರೆದ. 1896ರಲ್ಲಿ ಅರಮನೆಯವರು ಇಬ್ಬರಿಗೂ ಆಸ್ಥಾನ ಕಲಾವಿದ ಪಟ್ಟ ಕೊಟ್ಟು ಜಗಳ ತಪ್ಪಿಸಿದರು. ಅವರಿಗೂ ಮೊದಲು, 1830ರ ದಶಕದಲ್ಲಿ, ನಾಗೋಯಾ ಕಡೆಯ ಕಾಜಿ ತ್ಸುನೆಕಿಚಿ ಎಂಬಾತ ಹೊರದೇಶದಿಂದ ಬಂದ ಇಂಥದೊಂದು ವಸ್ತುವನ್ನು ಒಡೆದು, ಒಳಗೇನಿದೆ ನೋಡಿ, ತಾನೇ ಕಲಿತನಂತೆ. ಇದನ್ನು ಓದಿ ಹೇಳಿದ್ದು ನನ್ನ ತಪ್ಪು. ಯಜಮಾನರ ಕಣ್ಣು ಓಲೆಯ ಡಬ್ಬಿಯ ಕಡೆ ಹೊರಳಿತು. ನಮ್ಮ ಮನೆಯಲ್ಲಿ ಒಳಗೇನಿದೆ ನೋಡಲು ಬಿಚ್ಚಿದ ರೇಡಿಯೋ ಎರಡು, ಗಡಿಯಾರ ನಾಲ್ಕು, ಹೊಲಿಗೆ ಯಂತ್ರ ಒಂದು. ಅವು ಇನ್ನೂ ಬಿಚ್ಚಿಕೊಂಡೇ ಇವೆ. ಓಲೆಯನ್ನು ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟೆ.

ಹೀಗಿರುವಾಗ ಹರಿಹರಕ್ಕೆ ಹೋಗುವ ಪ್ರಸಂಗ ಬಂತು. ನಮ್ಮಿಂದ 14 ಕಿಲೋಮೀಟರು. ಹರಿಹರೇಶ್ವರನನ್ನು ನೂರು ಸಲ ನೋಡಿದ್ದೆ, ಈ ಸಲ ಬೇರೆ ಕಣ್ಣು. ಒಂದೇ ಮೂರ್ತಿ, ಒಂದು ಅರ್ಧ ಹರ, ಒಂದು ಅರ್ಧ ಹರಿ. ಅತ್ತ ಜಟೆ, ಇತ್ತ ಕಿರೀಟ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತಂತೆ, ಅದಕ್ಕೆ ಇಬ್ಬರೂ ಒಂದಾಗಿ ಬಂದರು. ವರದ ವಾಕ್ಯರಚನೆಯಲ್ಲಿ ಸಂದಿ ಹುಡುಕಿದ ಜಾಣತನ, ವಕೀಲರು ಕೈ ಮುಗಿಯಬೇಕಾದದ್ದು. ನನಗೆ ಕಂಡದ್ದು ಎರಡು ಮಡಿ, ನಡುವೆ ಒಂದು ಬದು. ಹರನಿಗೆ ಬಿಳಿ, ಹರಿಗೆ ನೀಲಿ. ಪದಕ ಸಿದ್ಧ! ಚೀಟಿಯಲ್ಲಿ ಗೀಚಿಕೊಂಡೆ.

ಯಜಮಾನರು ಗರ್ಭಗುಡಿಯ ಕಡೆ ಬಂದಿರಲೇ ಇಲ್ಲ. ಮಂಟಪದ ಕಂಬವೊಂದನ್ನು ತಬ್ಬಿಕೊಂಡಿದ್ದರು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ದೇವಸ್ಥಾನ ಅದು. ಕಂಬಗಳನ್ನು ಲೇತಿನಲ್ಲಿ ಹಿಡಿದ ಹಾಗೆ ತಿರುಗಿಸಿ ಕಡೆದಿದ್ದಾರೆ. ಉಂಗುರದ ಮೇಲೆ ಉಂಗುರ, ಮುಖ ಕಾಣುವಷ್ಟು ನುಣುಪು. “ಕಿರ್ಲೋಸ್ಕರ್‌ದೋರು ಬರೋಕೆ 700 ವರ್ಷ ಮುಂಚೆ ಈ ಊರಾಗೆ ಟರ್ನರ್ ಇದ್ದ ನೋಡೇ” ಎಂದು ಕಂಬ ಸವರುತ್ತಾ ಅಂದರು. ತಮ್ಮ ಹಿರಿಯ ಸಹೋದ್ಯೋಗಿಯ ಬಗ್ಗೆ ಮಾತಾಡುವ ದನಿ. ಜೇಬಿನಲ್ಲಿ ಕ್ಯಾಲಿಪರ್ ಇತ್ತು. ಅರ್ಚಕರು ನೋಡುತ್ತಿದ್ದುದರಿಂದ ಹೊರಗೆ ತೆಗೆಯಲಿಲ್ಲ.

ಮನೆಗೆ ಬಂದು ಮೊದಲ ಹರಿಹರ ಮಾಡಿದೆ. ಮೂರು ದಿನದ ಕೆಲಸ. ಉಜ್ಜಿ ಹೊಳಪು ಬಂದ ಮೇಲೆ ಅತ್ತೆಗೆ ತೋರಿಸಿದೆ. “ಹರ ಎಡಕ್ಕೆ ಯಾಕೆ ಕುಂತಾನೆ?” ಎಂದರು. ಮೂರ್ತಿಯ ಬಲಗಡೆ ಹರ. ನಾನು ಎದುರಿಗೆ ನಿಂತು ನೋಡಿ, ‘ಬಲಕ್ಕೆ ಹರ’ ಎಂದು ಚೀಟಿಯಲ್ಲಿ ಬರೆದುಕೊಂಡು, ನನ್ನ ಬಲಕ್ಕೆ ಹಾಕಿದ್ದೆ. ಕನ್ನಡಿಯ ಪ್ರತಿಬಿಂಬದ ಪಾಠ ಮಾಡಿದವಳು! ಎರಡನೆಯದರಲ್ಲಿ ಜಾಗ ಸರಿಯಾಯಿತು, ಬಿಲ್ಲೆಯ ಅಂಚಿನ ತಾಮ್ರ ಸುಟ್ಟು ಕರಿ ಕಿಟ್ಟವಾಗಿ, ಅದರ ಒಂದು ಚಕ್ಕೆ ಹಾರಿ ಸರಿಯಾಗಿ ಹರನ ಬಿಳಿ ಕೆನ್ನೆಯ ಮೇಲೆ ಕೂತಿತು. “ದೃಷ್ಟಿಬೊಟ್ಟು, ಇರಲಿ ಬಿಡು” ಎಂದರು ಅತ್ತೆ. ಅವರು ನನ್ನ ಕೆಲಸವನ್ನು ಮೆಚ್ಚಿದ ಮೊದಲ ಸಂದರ್ಭ ಅದು. ಮೂರನೆಯದರಲ್ಲಿ ನಡುವಿನ ಗೆರೆಯ ತೊಂದರೆ. ನೆಟ್ಟಗಿನ ತಂತಿ ಬೀಳುತ್ತದಲ್ಲ. ಒಂಚೂರು ಬಗ್ಗಿಸಿ ನಿಲ್ಲಿಸಿದೆ, ಸೊಂಟದ ಹತ್ತಿರ ಹರಿಗೆ ಜಾಗ ಹೆಚ್ಚಾಗಿ, ಹರ ಸ್ವಲ್ಪ ಒತ್ತರಿಸಿಕೊಂಡ. ಅಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ, ತಂತಿಯ ಬುಡದಲ್ಲಿ ಕೂದಲೆಳೆಯಷ್ಟು ಸಂದಿ ಉಳಿದು ನೀಲಿ ಬಿಳಿಯೊಳಗೆ ನುಸುಳಿ, ಹರನ ಕಂಠದ ಹತ್ತಿರ ನಿಂತಿತು. ಬೇಕೆಂದೇ ನೀಲಕಂಠನನ್ನು ಮಾಡಿದ್ದೆಂದು ಬಂದವರಿಗೆಲ್ಲ ಹೇಳುತ್ತೇನೆ.

ಅಂತೂ ಕೈ ಕುದುರಿತು ಎಂದು ಧೈರ್ಯ ಬಂದ ಮೇಲೆ ಅಕ್ಕಿ ಡಬ್ಬಿಯಿಂದ ಓಲೆ ತೆಗೆದು, ಪತ್ತಾರ ಅಜ್ಜನ ಮುಂದೆ ಇಟ್ಟೆ. “ಅಜ್ಜ, ಹಸಿರು ಸಿದ್ಧ ಐತಿ. ಗಿಳಿಗೆ ರೆಕ್ಕೆ ಹಾಕ್ತೀನಿ. ಹರಳು ಬಿಚ್ಚಿಕೊಡ್ರಿ.”

ಅಜ್ಜ ಭೂತಗಾಜು ಹಾಕಿಕೊಳ್ಳಲೂ ಇಲ್ಲ. “ಇದನ್ನ ನಿಮ್ಮ ಕುಲುಮಿಗೆ ಇಡಾಕೆ ಬರಲ್ಲವ್ವ. ಹರಳಿನ ಕೆಳಗೆ ಎಲ್ಲಾ ಅರಗು ತುಂಬೈತಿ. ಬಿಸಿ ತಾಗಿದ್ರೆ ಅರಗು ಹರಿದು ಹೋಗ್ತೈತಿ. ಕೊಂಡಿ ಬೆಸುಗೆ ಬಿಡ್ತೈತಿ. ಮೀನಾ ಮೊದಲು ಸುಟ್ಟು, ಆಮೇಲೆ ಅರಗು ತುಂಬಿ, ಆಮೇಲೆ ಹರಳು ಕೂರಿಸಿರ್ತಾರೆ. ಎಲ್ಲಾ ಬಿಚ್ಚಿದ್ರೆ ಉಳಿಯೋದು ಚಿನ್ನದ ತಗಡು, ಓಲೆ ಅಲ್ಲ.”

“ಇದು ನಿಮಗೆ ಮೊದಲ ದಿನವೇ ಗೊತ್ತಿತ್ತೇನು?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅಜ್ಜ ಊದುಗೊಳವೆಯನ್ನು ಬಾಯಿಗಿಟ್ಟುಕೊಂಡು ಯಾರದೋ ಮೂಗುತಿಯ ಬೆಸುಗೆಗೆ ಉಸಿರು ಊದಿದ. ಮುಗಿದ ಮೇಲೆ ಹೇಳಿದ, “ನೀವು ಕೇಳಿದ್ದು ಗಿಳಿ ರಿಪೇರಿ ಆಗ್ತೈತಾ ಅಂತ ಅಲ್ಲವ್ವ, ಬಣ್ಣ ತುಂಬಿ ಕೊಡ್ತೀರಾ ಅಂತ.” ಪ್ರಶ್ನೆಯನ್ನು ಸರಿಯಾಗಿ ಓದಿ ಉತ್ತರಿಸಿ ಎಂದು 32 ವರ್ಷ ಬೋರ್ಡಿನ ಮೇಲೆ ಬರೆದದ್ದು ನಾನೇ.

ಗಿಳಿ ಒಂಟಿ ರೆಕ್ಕೆಯಲ್ಲೇ ಅಕ್ಕಿ ಡಬ್ಬಿಗೆ ವಾಪಸಾಯಿತು. ಮಗಳು ಆ ಓಲೆ ತನಗೆ ಹಾಗೆಯೇ ಬೇಕು ಎಂದಿದ್ದಾಳೆ. ನಿನ್ನೆ ನಾಲ್ಕನೇ ಹರಿಹರ ಸುಟ್ಟೆ. ಬದು ಗಟ್ಟಿ, ಬೆನ್ನಿಗೂ ಗಾಜು, ಹರ ತನ್ನ ಬಲದಲ್ಲಿ, ಕೆನ್ನೆ ನಿರ್ಮಲ. ಯಜಮಾನರು ಮೈಕ್ರೋಮೀಟರು ಹಿಡಿಯದೆ ನೋಡಿ ತಲೆಯಾಡಿಸಿದರು. ಟೇಬಲ್ಲಿನ ಮೇಲಿಟ್ಟು ದೀಪ ಆರಿಸಿ ಮಲಗಿದೆವು. ಹನ್ನೊಂದು ದಾಟಿರಬೇಕು.

ಟಿಣ್.

“ಒಡೀತೇನು?” ಒಳಗಿನ ಕೋಣೆಯಿಂದ ಅತ್ತೆ.

“ಯಾವ ಕಡೆಯದು?” ಕತ್ತಲಲ್ಲಿ ಯಜಮಾನರು.

“ಹರಿಯೋ ಹರನೋ, ಬೆಳಿಗ್ಗೆ ನೋಡಿದ್ರಾಯ್ತು, ಮಲಕ್ಕಳ್ರಿ” ಎಂದೆ.